ಶಾಯಿ ಅರೆದವಳು

ಮಾರ್ಚ್ 9

ಬೈಯುವುದಕ್ಕೆ ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮವರನ್ನು ನಿನ್ನೆ ಕರೆದುಕೊಂಡು ಹೋದರು. ಗಿಡ ನೆಡುವ ಸಮಾರಂಭ ನಡೆಯುತ್ತಿತ್ತಂತೆ. ನನ್ನ ಗಂಡ, ಯಾನ್‌ಶಿ ನಗರದ ಪಕ್ಷದ ಕಾರ್ಯದರ್ಶಿ ಕುವಾಂಗ್ ದೆಪಿಂಗ್, ಈ ಊರಿಗೆ ಒಂದನೇ ನಂಬರಿನ ಮನುಷ್ಯ, ಕ್ಯಾಮೆರಾಗಳ ಮುಂದೆ ಸನಿಕೆ ಹಿಡಿದು ನಿಂತಿದ್ದರು. ಅಧಿಕಾರಿಗಳ ಭ್ರಷ್ಟಾಚಾರ ವಿಚಾರಿಸುವ ಪ್ರಾಂತದ ಶಿಸ್ತು ಆಯೋಗದಿಂದ ಬಂದ ಇಬ್ಬರು ಪಕ್ಕಕ್ಕೆ ಕರೆದು ಏನೋ ಹೇಳಿದರು. ಇವರು ಸನಿಕೆಯನ್ನು ಡ್ರೈವರ್ ಕೈಗೆ ಕೊಟ್ಟು ಅವರ ಕಾರು ಹತ್ತಿದರು. ಸಂಜೆ ಆಯೋಗದ ಜಾಲತಾಣದಲ್ಲಿ ಒಂದೇ ಸಾಲು ಬಂತು: ಶಿಸ್ತು ಮತ್ತು ಕಾನೂನಿನ ಗಂಭೀರ ಉಲ್ಲಂಘನೆಯ ಶಂಕೆ, ತನಿಖೆ ನಡೆಯುತ್ತಿದೆ. ಇಡೀ ಆಯಸ್ಸು ಸವೆಸಿದವರಿಗೆ ಒಂದು ಸಾಲು. ಅದರಲ್ಲೂ ಹೆಸರಿನ ಹಿಂದೆ 'ಕಾಮ್ರೇಡ್' ಇಲ್ಲ.

ಎದುರು ಮನೆಯವಳು, ಯೋಜನಾ ವಿಭಾಗದ ನಿರ್ದೇಶಕರ ಹೆಂಡತಿ, ಹೋದ ವಾರವಷ್ಟೇ ಕಿತ್ತಳೆ ಬುಟ್ಟಿ ಹೊತ್ತು ತಂದು 'ಅಕ್ಕಾ, ಅಕ್ಕಾ' ಎಂದು ಬಾಯಿ ತುಂಬ ಕರೆದಿದ್ದಳು. ಇವತ್ತು ಲಿಫ್ಟಿನಲ್ಲಿ ನನ್ನನ್ನು ಕಂಡವಳೇ ಏನೋ ಮರೆತವಳ ಹಾಗೆ ಹಣೆ ಬಡಿದುಕೊಂಡು ಮೆಟ್ಟಿಲು ಹಿಡಿದಳು. ಮಂಡಿನೋವಿನ ಹೆಂಗಸು, ಆರನೇ ಮಹಡಿ. ಹತ್ತಲಿ, ಚೆನ್ನಾಗಿ ಹತ್ತಲಿ.

ಗೇಟಿನ ಕಾವಲುಗಾರ ಪೆಂಗ್ ನಮ್ಮ ಕಾರು ತಿರುವಿನಲ್ಲಿ ಕಂಡರೆ ಸಾಕು, ಸೆಲ್ಯೂಟ್ ಹೊಡೆದು ನಿಲ್ಲುತ್ತಿದ್ದ. ಇವತ್ತು ತರಕಾರಿ ಚೀಲ ಹಿಡಿದು ನಡೆದು ಬಂದೆ. ಅವನು ಕೇಳಿದ: "ಯಾವ ಮನೆಗೆ ಹೋಗ್ಬೇಕು?"

"ನೀನು ಹುಟ್ಟಿದಾಗಿಂದ ಕುರುಡನಾ, ಇವತ್ತು ಬೆಳಿಗ್ಗೆಯಿಂದ ಮಾತ್ರವಾ?" ಎಂದೆ. ಅವನು ಕಣ್ಣು ಮಿಟುಕಿಸಲಿಲ್ಲ. ಹೆಸರು ಬರೆಸಿಕೊಂಡೇ ಒಳಗೆ ಬಿಟ್ಟ.

ನಮ್ಮವರ ತಪ್ಪು ಏನೇ ಇರಲಿ, ಇವರೆಲ್ಲರ ಬಾಲ ಇಷ್ಟು ಬೇಗ ಅಲ್ಲಾಡುವುದು ನಿಲ್ಲುತ್ತದೆಂದು ನನಗೆ ಗೊತ್ತಿರಲಿಲ್ಲ.

ಮಾರ್ಚ್ 13

ಆಯೋಗದವರು ಬಂದು ಮನೆ ಜಾಲಾಡಿದರು. ಅಕ್ಕಿ ಡಬ್ಬಿಯೊಳಗೂ ಕೈ ಹಾಕಿದರು. ಅವರ ಮುಖ್ಯಸ್ಥೆ ಲಿಯಾವೋ ಎಂಬ ಹೆಂಗಸು, ನಲವತ್ತರ ಆಸುಪಾಸು, ಮೆಲುದನಿ. ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ ಎಂದು ಎಲ್ಲಿಂದಲೋ ತಿಳಿದುಕೊಂಡು 'ತು ಟೀಚರ್, ತು ಟೀಚರ್' ಎಂದು ನನ್ನ ತವರಿನ ಹೆಸರು ಹಿಡಿದು ಮರ್ಯಾದೆಯಿಂದಲೇ ಕರೆದಳು. ಈ ಮರ್ಯಾದೆ ನನಗೆ ಪೆಂಗನ ಸೊಕ್ಕಿಗಿಂತ ಹೆಚ್ಚು ಸಿಟ್ಟು ತರಿಸಿತು.

ಊಟದ ಮೇಜಿನ ಮೇಲಿನ ಕುಂಚಗಳ ಸ್ಟ್ಯಾಂಡಿನ ಮುಂದೆ ನಿಂತು ಕೇಳಿದಳು: "ಇವೆಲ್ಲ ಕುವಾಂಗ್ ಅವರದ್ದಾ, ಟೀಚರ್?"

"ಮತ್ತಿನ್ಯಾರದ್ದು?" ಎಂದೆ.

ಕುಂಚ, ಶಾಯಿಕಲ್ಲು, ಮುದ್ರೆ, ಕಾಗದದ ಕಟ್ಟು, ಎಲ್ಲವನ್ನೂ ಚೀಲಕ್ಕೆ ತುಂಬಿದರು. ಶಾಯಿ ಅರೆಯುವ ಆ ಕಲ್ಲು ನನ್ನ ಅಪ್ಪನದು. ಹೇಳಲಿಲ್ಲ.

ಇಲ್ಲಿ ಬರೆದುಕೊಳ್ಳಲು ಏನು ಅಂಜಿಕೆ. ಈ ಊರಿನ ಗ್ರಂಥಾಲಯ, ಆಸ್ಪತ್ರೆ, ಎರಡು ಸೇತುವೆ, ರೈಲು ನಿಲ್ದಾಣದ ಎದುರಿನ ಬಂಡೆ, ಎಲ್ಲದರ ಮೇಲಿನ ಹೆಸರಿನ ಅಕ್ಷರಗಳ ಕೆಳಗೂ 'ಕುವಾಂಗ್ ದೆಪಿಂಗ್ ಬರೆದದ್ದು' ಎಂದು ಮುದ್ರೆ ಇದೆಯಲ್ಲ, ಆ ಅಕ್ಷರಗಳಷ್ಟನ್ನೂ ಕುಂಚದಲ್ಲಿ ಬರೆದವಳು ನಾನು. ಮುದ್ರೆ ಒತ್ತುವುದು ಮಾತ್ರ ನಮ್ಮವರ ಕೆಲಸ. ಅದನ್ನೂ ಕೆಲವು ಸಲ ಓರೆಯಾಗಿ ಒತ್ತುತ್ತಿದ್ದರು.

ಮದುವೆಯಾದಾಗ ಇವರು ಹೋಬಳಿ ಕಚೇರಿಯಲ್ಲಿ ನೀರಾವರಿ ಗುಮಾಸ್ತ. ದೋಣಿ ನಡೆಸುವವನ ಮಗ, ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ನನ್ನಪ್ಪ ಸಂತೆಯಲ್ಲಿ ಕೂತು ಹೊಸವರ್ಷಕ್ಕೆ ಬಾಗಿಲಿನ ಎರಡು ಬದಿಗೆ ಅಂಟಿಸುವ ಕೆಂಪು ಕಾಗದದ ಜೋಡಿಸಾಲುಗಳನ್ನು ಬರೆದುಕೊಡುತ್ತಿದ್ದವನು; ನನಗೆ ಊಟದ ಕಡ್ಡಿ ಹಿಡಿಯಲು ಬರುವ ಮೊದಲು ಕುಂಚ ಹಿಡಿಯಲು ಕಲಿಸಿದ. ಹೋಬಳಿಯಲ್ಲಿ ಹೊಸ ತೂಬು ಕಟ್ಟಿದಾಗ ಅದರ ನೆತ್ತಿಯ ಮೇಲೆ ನಾಲ್ಕು ಅಕ್ಷರ ಬೇಕಿತ್ತು, ಬರೆದುಕೊಟ್ಟೆ. ಉದ್ಘಾಟನೆಗೆ ಬಂದ ಜಿಲ್ಲಾ ಮುಖ್ಯಸ್ಥರು ತಲೆಯೆತ್ತಿ ನೋಡಿ ಯಾರು ಬರೆದದ್ದೆಂದು ಕೇಳಿದರಂತೆ. 'ಸುಮ್ನೆ ಹಂಗೇ ಗೀಚಿದೆ ಸಾರ್' ಎಂದರಂತೆ ಇವರು. ಮನೆಗೆ ಬಂದು ಹೇಳಿಕೊಂಡು ನಕ್ಕರು. ನಾನೂ ನಕ್ಕೆ. ಮುಂದಿನ ವರ್ಷ ಜಿಲ್ಲಾ ಕಚೇರಿಗೆ ಬಡ್ತಿ ಸಿಕ್ಕಿತು. ಆಮೇಲೆ ಹೋಬಳಿ ಮುಖ್ಯಸ್ಥ, ಜಿಲ್ಲಾ ಮುಖ್ಯಸ್ಥ, ನಗರದ ಕಾರ್ಯದರ್ಶಿ. ಪ್ರತಿ ಮೆಟ್ಟಿಲಿಗೂ ನಾನು ಬರೆದ ಒಂದಿಷ್ಟು ಹೆಸರಿನ ಹಲಗೆ.

ಗಂಡನಿಗೆ ಹೆಂಡತಿ ಅಂಗಿ ಇಸ್ತ್ರಿ ಮಾಡಿಕೊಟ್ಟರೆ ಅಂಗಿಯ ಮೇಲೆ ಅವಳ ಹೆಸರು ಹೊಲಿಸುತ್ತಾರೆಯೇ? ಇದೂ ಹಾಗೆಯೇ. ಹಲಗೆ ಯಾರದಾದರೆ ನನಗೇನು.

ಮಾರ್ಚ್ 24

ಗ್ರಂಥಾಲಯದ ಅಕ್ಷರಗಳನ್ನು, ನನ್ನ ಬರಹ ನೋಡಿ ಹಿತ್ತಾಳೆಯಲ್ಲಿ ಎರಕ ಹೊಯ್ದವನ್ನು, ಕೀಳುತ್ತಿದ್ದಾರೆ. ಬೇಕೆಂದು ನೋಡಲು ಹೋದದ್ದಲ್ಲ, ಮೀನು ತರಲು ಆ ದಾರಿಯಲ್ಲಿ ಹೋಗಿದ್ದೆ.

ಏಣಿಯ ಮೇಲೆ ಇಬ್ಬರು ಆಳುಗಳು ಸಲಾಕೆ ಹಾಕಿ ಮೀಟುತ್ತಿದ್ದರು. "ಹುಷಾರು ಕಣೋ, ಹಿತ್ತಾಳೆ. ಗುಜರಿಗೆ ಹಾಕಿದ್ರೆ ಇಬ್ರಿಗೂ ಬಿಯರ್ ಬರತ್ತೆ," ಎಂದ ಒಬ್ಬ. "ಲಂಚದ ಅಕ್ಷರ, ಭಾರ ಇರ್ಬೇಕು ಬಿಡು," ಎಂದ ಇನ್ನೊಬ್ಬ. ಮೊದಲ ಅಕ್ಷರ ಕೆಳಗೆ ಬಿದ್ದು ಅದರ ಒಂದು ತೋಳು ಮುರಿಯಿತು. ಆ ತೋಳನ್ನು ಸರಿಯಾಗಿ ಎಳೆಯಲು ಒಂದು ಚಳಿಗಾಲವಿಡೀ ಕಾಗದ ಹಾಳುಮಾಡಿದ್ದೆ. ಅದು ಈಗ ಮುಖ್ಯವಲ್ಲ.

ಸಂಜೆ ಟಿವಿಯಲ್ಲಿ ಓಯಾಂಗ್ ಕಾಣಿಸಿಕೊಂಡ. ಕುಂಚಬರಹಗಾರರ ಸಂಘದ ಅಧ್ಯಕ್ಷ, ಬಿಳಿ ಗಡ್ಡ, ನಿಲುವಂಗಿ, ಕೈಯಲ್ಲಿ ಬೀಸಣಿಗೆ. ನಮ್ಮವರನ್ನು ಸಂಘದ ಗೌರವ ಉಪಾಧ್ಯಕ್ಷರನ್ನಾಗಿ ಮಾಡಿದವನೇ ಇವನು. ಆಸ್ಪತ್ರೆಯ ಹಲಗೆ ಬರೆಯುವಾಗ ಒಲೆಯ ಮೇಲೆ ಅತ್ತೆಗೆಂದು ಮಣ್ಣಿನ ಮಡಕೆಯಲ್ಲಿ ಇಟ್ಟಿದ್ದ ಸಾರು ಉಕ್ಕಿ ಸುರಿಯಿತು. ಶಾಯಿ ಅದ್ದಿಕೊಳ್ಳಲು ಪುರುಸೊತ್ತಿಲ್ಲದೆ ಕೊನೆಯ ಗೀಟನ್ನು ಒಣ ಕುಂಚದಲ್ಲೇ ಎಳೆದು ಒಲೆಗೆ ಓಡಿದ್ದೆ. ಓಯಾಂಗ್ ಆ ಒಣ ಗೀಟಿನ ಮೇಲೆ ಪತ್ರಿಕೆಯಲ್ಲಿ ಪುಟಗಟ್ಟಲೆ ಬರೆದಿದ್ದ: ಜನನಾಯಕನ ದಿಟ್ಟತನ, ಅಲಂಕಾರ ಬೇಡದ ಪ್ರಾಮಾಣಿಕತೆ. ಅದಾದ ಮೇಲೆ ಊರಿನ ನೂಡಲ್ ಅಂಗಡಿಗಳ ಹಲಗೆಗಳಲ್ಲೆಲ್ಲ ಕೊನೆಯ ಗೀಟು ಒಣಗಿತು. ಮಕ್ಕಳ ಕುಂಚ ತರಗತಿಗಳಲ್ಲಿ ಶಾಯಿ ಒರೆಸಿ ಕೊನೆಯ ಗೀಟು ಎಳೆಯಲು ಕಲಿಸಿದರು. ಒಂದು ಮಡಕೆ ಸಾರು ಉಕ್ಕಿದ್ದಕ್ಕೆ ಒಂದು ಊರಿನ ಮಕ್ಕಳ ಕೈ ಕೆಟ್ಟಿತು.

ಅದೇ ಓಯಾಂಗ್ ಇವತ್ತು ಹೇಳುತ್ತಾನೆ: "ಆ ಒಣ ಗೀಟಲ್ಲೇ ಭ್ರಷ್ಟನ ಆತುರ ಎದ್ದು ಕಾಣ್ತಿತ್ತು. ಮೂಳೆ ಇಲ್ಲದ ಬರಹ. ನಾನು ಮೊದಲಿಂದ ಹೇಳ್ತಾನೇ ಬಂದಿದ್ದೆ."

ಚಪ್ಪಲಿ ತೆಗೆದು ಟಿವಿಗೆ ಎಸೆದೆ. ಮೂಳೆ ಇಲ್ಲದ್ದು ಅವನ ನಾಲಿಗೆಗೆ. ನಮ್ಮವರನ್ನು ಏನು ಬೇಕಾದರೂ ಅನ್ನಲಿ. ಆ ಬರಹಕ್ಕೆ ಮೂಳೆ ಇಲ್ಲ ಅನ್ನುವುದಕ್ಕೆ ಇವನು ಯಾರು?

ಏಪ್ರಿಲ್ 5

ಚಿಂಗ್‌ಮಿಂಗ್, ಹಿರಿಯರ ಗೋರಿ ಗುಡಿಸುವ ಹಬ್ಬ. ಅಪ್ಪನ ಗೋರಿ ಗುಡಿಸಲು ಊರಿಗೆ ಹೋಗಿದ್ದೆ. ತಮ್ಮನ ಹೆಂಡತಿ ಫೋನಿನಲ್ಲಿ ಮೊದಲೇ ಹೇಳಿದ್ದಳು, "ಬನ್ನಿ ಅತ್ತಿಗೆ, ಆದ್ರೆ ಕೆರೆ ಕಡೆಯ ದಾರೀಲಿ ಬನ್ನಿ, ಬೀದಿಯವರು ನೋಡೋದು ಬೇಡ." ಬೀದಿಯಲ್ಲೇ ನಡೆದುಕೊಂಡು ಹೋದೆ. ಆ ಬೀದಿಗೆ ಸಿಮೆಂಟು ಹಾಕಿಸಿದ್ದು ನಮ್ಮವರು. ಸ್ವಂತ ಜೇಬಿನಿಂದಲ್ಲ, ನಿಜ. ಆದರೆ ಹಾಕಿಸಿದ್ದು ಇವರೇ ತಾನೆ.

ಊರಿನ ಶಾಲೆಯ ಗೇಟಿನ ಮೇಲೆ ನಾನು ಬರೆದ ಹಲಗೆ ಇನ್ನೂ ಇದೆ. ಗೋರಿಯಿಂದ ಮರಳುವಾಗ ಹಳೆಯ ಸಹಪಾಠಿ ಗಾನ್ ಅಲ್ಲಿ ಸಿಕ್ಕಿದ. ಬಾತುಕೋಳಿ ಸಾಕುತ್ತಾನೆ, ಬಾಯಿಗೆ ಬೀಗ ಇಲ್ಲ.

"ಹಲಗೆ ನಾಳೆ ಇಳಿಸ್ತಾರಂತೆ, ಸುಯುನ್. ಒಂದು ಮಾತು ಕೇಳ್ಲಾ? ನಿಮ್ಮೆಜಮಾನ್ರ ಅಕ್ಷರ ನಿಮ್ಮಪ್ಪನ ಅಕ್ಷರದ ಹಂಗೇ ಇತ್ತಲ್ಲ. ಆ ಎಡಗಡೆ ಗೀಟು ನೋಡು, ಥೇಟ್ ಮುದುಕನ ಕೈ. ಅಳಿಯಂಗೆ ಮಾವನ ಕೈ ಬಂತಾ?"

"ನಿನ್ನ ಬಾತುಕೋಳಿ ನೋಡ್ಕೋ ಹೋಗು," ಎಂದೆ.

ದಾರಿಯಿಡೀ ಅವನ ಮೇಲೆ ಸಿಟ್ಟು ಇಳಿಯಲಿಲ್ಲ. ಯಾಕೆಂದು ಈಗಲೂ ಗೊತ್ತಾಗುತ್ತಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಏಪ್ರಿಲ್ 20

ಮಗಳು ಯಿಹಾನ್ ಪ್ರಾಂತದ ರಾಜಧಾನಿಯಿಂದ ಬಂದಿದ್ದಳು. ಆಸ್ಪತ್ರೆಯೊಂದರಲ್ಲಿ ಔಷಧ ವಿಭಾಗದಲ್ಲಿದ್ದಾಳೆ. ಗರ್ಭಿಣಿ, ಸೆಪ್ಟೆಂಬರಿಗೆ ಹೆರಿಗೆ. ಕಾಲು ಊದಿಕೊಂಡಿದೆ. ಅವಳಿಗೆ ಇಷ್ಟವಾದ ಹೊಗೆಯಾಡಿಸಿದ ಮಾಂಸ, ಜರೀಗಿಡದ ಚಿಗುರು ಹುರಿದುಕೊಟ್ಟೆ. ಎರಡು ತುತ್ತು ತಿಂದು ಊಟದ ಕಡ್ಡಿ ಕೆಳಗಿಟ್ಟಳು.

"ಅಮ್ಮಾ, ಹಲಗೆ ವಿಷ್ಯ ಅವ್ರು ಕೇಳಿದ್ರಾ?"

"ಕೇಳಿದ್ರು. ಅಪ್ಪಂದೇ ಅಂದೆ."

"ಹಂಗೇ ಇರ್ಲಿ. ಬಾಯಿ ಬಿಡ್ಬೇಡ. ನೀನು ಬರ್ದಿದ್ದು ಅಂತ ಗೊತ್ತಾದ್ರೆ ನೀನೂ ಪಾಲುದಾರಳು. ದುಡ್ಡು ಬಂದಿದ್ದೆಲ್ಲ ಅದ್ರ ಹೆಸರಲ್ಲೇ ಅಲ್ವಾ."

ದುಡ್ಡು ಬಂದದ್ದು ನಿಜ. ಬರೆಸಿಕೊಂಡವರು ಬರೆದವರಿಗೆ ಕೊಡುವುದನ್ನು ನಮ್ಮಲ್ಲಿ 'ಕುಂಚ ನೆನೆಸುವ ಕಾಣಿಕೆ' ಎನ್ನುತ್ತಾರೆ. ಅಪ್ಪನಿಗೆ ಮೊಟ್ಟೆ, ಒಂದು ಸೇರು ಕಡಲೆಕಾಯಿ ಸಿಗುತ್ತಿತ್ತು. ಇವರಿಗೆ ಗುತ್ತಿಗೆದಾರರು ಕೊಟ್ಟದ್ದು ಚಹಾ ಡಬ್ಬಿಗಳಲ್ಲಿ ಬರುತ್ತಿತ್ತು, ಆ ಡಬ್ಬಿಗಳಲ್ಲಿ ಚಹಾ ಇರುತ್ತಿರಲಿಲ್ಲ. ನಾನು ತೆರೆದು ನೋಡಿದವಳಲ್ಲ. ತೆರೆಯದೆಯೂ ಗೊತ್ತಿತ್ತು.

"ನಂಗೆ ಬಾಣಂತನಕ್ಕೆ ನೀನಾದ್ರೂ ಬೇಕು," ಎಂದಳು. "ಅತ್ತೆ ಆಗ್ಲೇ ಹೇಳಿಬಿಟ್ಟಿದಾರೆ, ಜೈಲಿನ ಮನೆತನದ ಹುಡುಗಿಗೆ ನಾನು ಕೋಳಿ ಸಾರು ಬೇಯಿಸಲ್ಲ ಅಂತ."

ಬೀಗಿತ್ತಿಗೆ ಅಲ್ಲಿಂದಲೇ ಶಾಪ ಹಾಕಿದೆ. ಅವಳ ಗಂಡನಿಗೆ ತಂಬಾಕು ಇಲಾಖೆಯ ಕೆಲಸ ಕೊಡಿಸಿದ್ದು ಯಾರು? ಮಗಳಿಗೆ ಮಾತು ಕೊಟ್ಟೆ, ಬಾಯಿ ಬಿಡುವುದಿಲ್ಲ ಎಂದು. ಕೊಡದೆ ಇರುವುದಕ್ಕೆ ಕಾರಣವೇ ಇರಲಿಲ್ಲ.

ಮೇ 2

ಆಸ್ಪತ್ರೆಯ ಹಲಗೆಯನ್ನೂ ಇಳಿಸಿದರು. ಈಗ ಅಲ್ಲಿ ಕಂಪ್ಯೂಟರ್ ಅಕ್ಷರ. ಇಟ್ಟಿಗೆ ಜೋಡಿಸಿಟ್ಟ ಹಾಗಿದೆ.

ಮೇ 17

ಲಿಯಾವೋ ಕರೆಸಿದ್ದಳು. ಬಿಸಿನೀರಿನ ಲೋಟ ಮುಂದಿಟ್ಟು ಕೂರಿಸಿದಳು.

"ತು ಟೀಚರ್, ಒಂದು ವಿಷಯ ಖಚಿತ ಮಾಡ್ಕೋಬೇಕಿತ್ತು. ಉಳಿದದ್ದೆಲ್ಲ ಕುವಾಂಗ್ ಒಪ್ಪಿಕೊಂಡಿದಾರೆ. ಹಲಗೆಗಳ ದುಡ್ಡು ಮಾತ್ರ ಲಂಚ ಅಲ್ಲ ಅಂತಿದಾರೆ. ತಾನೊಬ್ಬ ಕಲಾವಿದ, ಸಂಘದ ಉಪಾಧ್ಯಕ್ಷ, ಅದು ಬರಹದ ಬೆಲೆ, ಮಾರುಕಟ್ಟೆ ದರ, ಅಂತ. ನಮ್ಮೆದುರು ಬರೆಸಿ ನೋಡಿದ್ವಿ. ಕೈ ನಡುಗಿತು. ಒತ್ತಡ ಅಂದ್ರು. ಈಗ ದಿನಾ ಕಾಗದ ಕೇಳಿ ಇಸ್ಕೊಂಡು ಅಭ್ಯಾಸ ಮಾಡ್ತಿದಾರೆ."

ದೆಪಿಂಗ್ ಕುಂಚ ಹಿಡಿದು ಅಭ್ಯಾಸ ಮಾಡುತ್ತಿದ್ದಾರೆ. ಐವತ್ತೊಂಬತ್ತನೆಯ ವಯಸ್ಸಿಗೆ, ಬೀಗದ ಕೋಣೆಯಲ್ಲಿ. ನಗು ಬರಬೇಕಿತ್ತು.

"ನಿಮ್ಮ ಬಗ್ಗೆ ಕೇಳಿದ್ವಿ," ಎಂದು ಹೇಳಿಕೆಯಿಂದ ಓದಿದಳು. "'ನನ್ನ ಹೆಂಡತಿಗೆ ಕುಂಚ ಹಿಡಿಯೋದೇ ಗೊತ್ತಿಲ್ಲ. ಅವಳು ಶಾಯಿ ಅರೀತಿದ್ದಳು, ಕಾಗದ ಜಾರದ ಹಾಗೆ ಹಿಡ್ಕೋತಿದ್ದಳು, ಅಷ್ಟೇ.' ಇದು ಸರೀನಾ ಟೀಚರ್?"

ಯಿಹಾನಳ ಊದಿದ ಕಾಲು ನೆನಪಾಯಿತು.

"ಸರಿ," ಎಂದೆ. "ಶಾಯಿ ಅರೀತಿದ್ದೆ."

ಸಹಿ ಹಾಕಿಸಿಕೊಂಡರು. ಮನೆಗೆ ಬಂದು ಅಡುಗೆ ಮಾಡಲಿಲ್ಲ.

ಮೇ 18

ಕುಂಚ ಹಿಡಿಯೋದೇ ಗೊತ್ತಿಲ್ಲ.

ಲೋಫರ್. ನನ್ನ ಅಪ್ಪನ ಶಾಯಿಕಲ್ಲಿನ ಮೇಲೆ ಸಿಗರೇಟು ಒರೆಸಿ ಆರಿಸಿದ ಮನುಷ್ಯ. 'ನಾಳೆ ಬೆಳಿಗ್ಗೆಗೆ ಬೇಕು, ಮೇಲಿಂದ ದೊಡ್ಡವರು ಬರ್ತಾರೆ' ಎಂದು ಜ್ವರದಲ್ಲಿ ಮಲಗಿದವಳನ್ನು ಎಬ್ಬಿಸಿ ಕೂರಿಸಿದ ಮನುಷ್ಯ. ಅತಿಥಿಗಳು ಬಂದಾಗ 'ನಾನು ಬರೆಯುವಾಗ ಇವಳು ಪಕ್ಕದಲ್ಲಿ ಉಸಿರಾಡಿದರೂ ನನಗೆ ಆಗಲ್ಲ' ಎಂದು ಹೇಳಿ, ನನ್ನ ಕೈಯಲ್ಲೇ ಚಹಾ ತರಿಸಿ ಎಲ್ಲರನ್ನೂ ನಗಿಸಿದ ಮನುಷ್ಯ. ಆ ದಿನ ನಾನೂ ನಕ್ಕಿದ್ದೆ. ಯಾಕೆ ನಕ್ಕೆ? ಹಲ್ಲು ಉದುರಿಹೋಗಬೇಕಿತ್ತು.

ಯಿಹಾನ್ ಫೋನಿನಲ್ಲಿ, "ನಿನ್ನನ್ನ ಉಳಿಸೋಕೆ ಹಂಗಂದಿದಾರಮ್ಮ, ಅಷ್ಟೂ ಅರ್ಥ ಆಗಲ್ವಾ?" ಎಂದಳು. ನನ್ನನ್ನು ಉಳಿಸಲು ಅಲ್ಲ. ತನ್ನ ದುಡ್ಡಿಗೆ ಬಣ್ಣ ಬಳಿಯಲು. ಉಳಿಸಲು ಹೊರಟವನು 'ಬರೀತಿದ್ದಳು, ಬಿಟ್ಟುಬಿಟ್ಟಳು' ಅನ್ನಬಹುದಿತ್ತು. ಗೊತ್ತೇ ಇಲ್ಲ ಎಂದು ಹೇಳಬೇಕಾಗಿರಲಿಲ್ಲ.

ಜೂನ್ 11

ಮಳೆ ಇಲ್ಲ, ಸೆಕೆ. ಮನೆಯ ಹಳೆ ಪತ್ರಿಕೆಗಳ ಮೇಲೆಲ್ಲ ಬರೆದು ಮುಗಿಯಿತು. ಸಗಟು ಅಂಗಡಿಯಲ್ಲಿ ಅಗ್ಗದ ಕುಂಚವೊಂದನ್ನು ತಂದಿದ್ದೇನೆ, ಸುಮ್ಮನೆ ಹೊತ್ತು ಹೋಗಲೆಂದು.

ಬೆಳಿಗ್ಗೆ ನದಿ ಉದ್ಯಾನಕ್ಕೆ ಹೋಗಿದ್ದೆ. ನಿವೃತ್ತರು ಉದ್ದ ಹಿಡಿಯ ಸ್ಪಂಜಿನ ಕುಂಚವನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ನೆಲದ ಕಲ್ಲುಹಾಸಿನ ಮೇಲೆ ಬರೆಯುತ್ತಾರಲ್ಲ, ಅಲ್ಲಿ ನಿಂತೆ. ಕಾರ್ಖಾನೆಯಿಂದ ನಿವೃತ್ತನಾದ ಒಬ್ಬ ಬೋಳುತಲೆಯ ಮುದುಕ, "ನಿಂತು ನೋಡಿದ್ರೆ ಕೈ ಬರಲ್ಲಕ್ಕಾ, ತಗೊಳ್ಳಿ," ಎಂದು ಕುಂಚ ಚಾಚಿದ. ನನ್ನನ್ನು ಅವನಿಗೆ ಗೊತ್ತಿರಲಿಲ್ಲ. ಕಾರಿನ ಗಾಜಿನ ಹಿಂದೆ ಕೂತವಳನ್ನು ಯಾರು ನೋಡಿರುತ್ತಾರೆ.

ಬರೆದೆ. ಮೊದಲ ಕಲ್ಲಿನಲ್ಲಿ ಕೈ ಬಿಗಿಯಾಗಿತ್ತು, ಮೂರನೆಯದರಲ್ಲಿ ಭುಜ ಸಡಿಲವಾಯಿತು. ನಡು ಬಾಗಿಸಿ, ಹಿಂದಕ್ಕೆ ಹೆಜ್ಜೆಯಿಡುತ್ತ ಹೋದೆ. ತಲೆಯೆತ್ತಿದಾಗ ಸುತ್ತ ಜನ ಸೇರಿದ್ದರು.

ಆಮೇಲೆ ಬೋಳುತಲೆಯವನು ಗಂಟಲು ಸರಿಮಾಡಿಕೊಂಡ. "ಚೆನ್ನಾಗಿದೆ ಅಕ್ಕಾ. ತುಂಬಾನೇ ಚೆನ್ನಾಗಿದೆ. ಆದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದು ಆ ಕಳ್ಳ ಕುವಾಂಗ್‌ನ ಕೈ. ಅವನ ಹಲಗೆ ನೋಡ್ಕೊಂಡು ಕಲ್ತಿದೀರಾ ಅಲ್ವಾ? ಅವನನ್ನ ನಕಲು ಮಾಡ್ಬೇಡಿ. ಇಷ್ಟು ಒಳ್ಳೆ ಕೈಗೆ ಅವಮಾನ."

"ಅವನಿಗಿಂತ ಚೆನ್ನಾಗೇ ಬರ್ದಿದಾರೆ ಬಿಡ್ರೀ," ಎಂದಳು ಪಕ್ಕದ ಹೆಂಗಸು.

"ಎಷ್ಟೇ ಚೆನ್ನಾಗಿದ್ರೂ ನಕಲು ನಕಲೇ."

ನಿಜ ನನ್ನ ನಾಲಿಗೆ ತುದಿಯವರೆಗೂ ಬಂತು. ಕೈಯಲ್ಲಿದ್ದ ಕುಂಚವನ್ನು ಅವನ ಬಕೆಟ್ಟಿಗೆ ಎಸೆದು ಹೊರಟೆ. ನೀರು ಚಿಮ್ಮಿ ಅವನ ಪ್ಯಾಂಟು ನೆನೆಯಿತು. ಪಾಪ, ಅವನದೇನು ತಪ್ಪು. ಬಿಸಿಲಿಗೆ ಮೊದಲ ಕಲ್ಲುಗಳು ಆಗಲೇ ಒಣಗಿದ್ದವು.

ನಾನು ನನ್ನದೇ ಕೈಯ ನಕಲು. ಕುವಾಂಗ್ ಅಲ್ಲಿ ಕೂತು ನನ್ನ ಅಕ್ಷರ ಕಲಿಯುತ್ತಿದ್ದಾನೆ. ದಿನಾ ಅಭ್ಯಾಸ ಮಾಡಿದರೆ ಇನ್ನು ಹತ್ತು ವರ್ಷಕ್ಕೆ ಅವನಿಗೂ ಬಂದುಬಿಡಬಹುದು. ಆಗ ನನಗೆ ಏನು ಉಳಿಯುತ್ತದೆ?

ಜುಲೈ 6

ಓಯಾಂಗ್ ಮನೆಗೆ ಬಂದಿದ್ದ. ಲಿಚಿ ಹಣ್ಣಿನ ಪೊಟ್ಟಣ, ಅದೇ ಬೀಸಣಿಗೆ. ಬಾಗಿಲು ಮುಚ್ಚಿ ಹೊರಗೆ ಹಾಕಬೇಕಿತ್ತು. ಏನು ಬೊಗಳುತ್ತಾನೋ ನೋಡೋಣ ಎಂದು ಒಳಗೆ ಬಿಟ್ಟೆ.

ಮೊದಲು ಹವೆ, ಆಮೇಲೆ ನನ್ನ ಆರೋಗ್ಯ, ಆಮೇಲೆ ಒಂದು ದೊಡ್ಡ ನಿಟ್ಟುಸಿರು. ವಿಷಯ ಇದು. ಊರಿನ ತುಂಬ ಕಂಪ್ಯೂಟರ್ ಅಕ್ಷರ ನೋಡಿ ಮೇಲಿನವರಿಗೇ ಬೇಸರವಾಗಿದೆ. ಅಧಿಕಾರಿಗಳು ಬರೆಯುವ ಹಾಗಿಲ್ಲ, ನಿಯಮ. ಹಾಗಾಗಿ ಸಂಘದ ಅಧ್ಯಕ್ಷರೇ ಬರೆಯಲಿ ಎಂದು ತೀರ್ಮಾನವಾಗಿದೆ. ಗ್ರಂಥಾಲಯದಿಂದಲೇ ಶುರು.

"ನಿಮ್ಗೆ ಗೊತ್ತಲ್ಲ ತು ಟೀಚರ್, ನಾನು ಸಣ್ಣಕ್ಷರದವ್ನು. ಬೀಸಣಿಗೆ, ಪತ್ರ, ಅಷ್ಟಕ್ಕೇ ನನ್ನ ಕೈ. ಆಳುದ್ದ ಅಕ್ಷರ ಅಂದ್ರೆ ಈ ವಯಸ್ಸಲ್ಲಿ ಸೊಂಟ ಬಿದ್ದುಹೋಗತ್ತೆ."

"ಅದಕ್ಕೆ?"

"ಅದಕ್ಕೆ ನಿಮ್ಮತ್ರ ಬಂದೆ." ಬೀಸಣಿಗೆ ಮಡಚಿದ. "ಯಾರ ಕೈ ಅಂತ ನಂಗೆ ಮೊದ್ಲಿಂದ್ಲೂ ಗೊತ್ತು. ಕುವಾಂಗ್ ಒಂದ್ಸಲ ನಮ್ಮೆದುರು ಹಾಜರಿ ಪುಸ್ತಕಕ್ಕೆ ಕುಂಚದಲ್ಲಿ ಸಹಿ ಹಾಕಿದ್ರು. ಅವತ್ತೇ ಗೊತ್ತಾಯ್ತು. ಇಂಥ ಕೈ ಸುಮ್ನೆ ಕೂತು ಹಾಳಾಗ್ಬಾರ್ದು."

ಗೊತ್ತಿತ್ತು. ಗೊತ್ತಿದ್ದೂ ಪುಟಗಟ್ಟಲೆ ಹೊಗಳಿದ. ಗೊತ್ತಿದ್ದೂ ಟಿವಿಯಲ್ಲಿ ಕೂತು ಉಗಿದ.

"ಹಲಗೆ ಮೇಲೆ ಹೆಸರು ಯಾರದು?" ಎಂದು ಕೇಳಿದೆ.

ಅವನಿಗೆ ನಿಜವಾಗಿ ಆಶ್ಚರ್ಯವಾಯಿತು. ನಾಟಕವಲ್ಲ, ಅವನ ನಾಟಕದ ಮುಖ ಟಿವಿಯಲ್ಲಿ ನೋಡಿದ್ದೇನೆ. "ನನ್ನದೇ ಅಲ್ವಾ ಟೀಚರ್. ನಿಮ್ಮ ಹೆಸರು ಹಾಕಿದ್ರೆ ಯಾರಿಗೆ ಗೊತ್ತಾಗತ್ತೆ? ಈ ಮನೆ ಮುಟ್ಟುಗೋಲಿಗೆ ಹೋಗತ್ತಂತೆ ಕೇಳ್ದೆ. ನಾನು ಒಂದು ಮಾತು ಹೇಳಿದ್ರೆ ಸ್ವಲ್ಪ ದಿನ ತಡೀಬೋದು. ನೀವು ಮನೇಲೇ ಕೂತು ಬರೀರಿ, ಮೊದ್ಲು ಬರೀತಿದ್ರಲ್ಲ, ಹಂಗೇ. ನಿಮ್ಗೆ ಅಭ್ಯಾಸ ಇದೆ."

ಅಭ್ಯಾಸ ಇದೆ. ಲಿಚಿ ಪೊಟ್ಟಣ ಎತ್ತಿ ಅವನ ಎದೆಗೆ ಒತ್ತಿ ಹಿಡಿದು ಬಾಗಿಲವರೆಗೂ ನೂಕಿಕೊಂಡು ಹೋದೆ. ಹಣ್ಣು ಚೆಲ್ಲಿ ಮೆಟ್ಟಿಲುಗಳ ಮೇಲೆ ಉರುಳಿದವು. ಬಗ್ಗಿ ಆರಿಸಿಕೊಳ್ಳುತ್ತಿದ್ದ. ಸೊಂಟ ಚೆನ್ನಾಗಿಯೇ ಬಗ್ಗುತ್ತಿತ್ತು.

"ಹುಚ್ಚು ಹಿಡಿದಿದೆ ನಿಮ್ಗೆ," ಎಂದ ಕೆಳಗಿನಿಂದ. "ಕುವಾಂಗ್ ಹೆಂಡತಿ ಅನ್ನೋದು ಬಿಟ್ರೆ ನೀವ್ಯಾರು?"

ಎದುರು ಮನೆಯವಳ ಬಾಗಿಲು ಸಂದಿಯಷ್ಟು ತೆರೆದಿತ್ತು. ಕೇಳಿಸಿಕೊಳ್ಳಲಿ.

ಜುಲೈ 7

ಯಿಹಾನಳಿಗೆ ಫೋನು ಮಾಡಿ ನಾಳೆ ಲಿಯಾವೋ ಹತ್ತಿರ ಹೋಗುತ್ತೇನೆ ಎಂದೆ.

"ಜೈಲಿಗೆ ಹೋಗ್ತೀಯ. ಗೊತ್ತಲ್ವಾ?"

"ಹೋಗ್ಬೋದು."

"ನಂಗೆ ಮಾತು ಕೊಟ್ಟಿದ್ದೆ. ಮಗು ಹುಟ್ಟಿದಾಗ ನೀನಿರಲ್ಲ. ಯಾವ್ದೋ ಗುಜರಿಗೆ ಹಾಕಿದ ಹಲಗೆಗೋಸ್ಕರ. ನಿಂಗೆ ಮೊಮ್ಮಗುಗಿಂತ ಅದು ಹೆಚ್ಚಾಯ್ತಾ?"

ಅವಳು ಅಳುತ್ತ ಫೋನಿಟ್ಟಳು. ನನ್ನ ಮಗಳು ಅತ್ತಳೆಂದು ನನಗೆ ಸಂಕಟವಿದೆ. ಒಣ ಶುಂಠಿ, ಖರ್ಜೂರ, ಎಳ್ಳೆಣ್ಣೆ, ಬಾಣಂತಿಗೆ ಬೇಕಾದದ್ದನ್ನೆಲ್ಲ ಕಟ್ಟಿಟ್ಟೆ, ಅಂಚೆಗೆ ಹಾಕಲು. ಕಟ್ಟುವಾಗಲೂ ಮನಸ್ಸು ಬದಲಾಗಲಿಲ್ಲ. ಕಲ್ಲೆದೆಯವಳು ಎಂದುಕೊಳ್ಳಲಿ.

ಜುಲೈ 8

ಲಿಯಾವೋ ನನ್ನ ಮಾತು ಮುಗಿಯುವವರೆಗೂ ಅಡ್ಡ ಬರಲಿಲ್ಲ. ಎಲ್ಲ ಹಲಗೆಗಳೂ ನನ್ನವು ಎಂದೆ. ಅವನು ಮುದ್ರೆ ಒತ್ತುತ್ತಿದ್ದ ಎಂದೆ. ಚಹಾ ಡಬ್ಬಿಯಲ್ಲಿ ಚಹಾ ಇಲ್ಲವೆಂದು ನನಗೆ ಗೊತ್ತಿತ್ತು ಎಂದೂ ಹೇಳಿದೆ. ಅದನ್ನು ಹೇಳುವಾಗ ಮಾತ್ರ ದನಿ ಸ್ವಲ್ಪ ಇಳಿಯಿತು.

"ಟೀಚರ್, ಮೇ ತಿಂಗಳ ಹೇಳಿಕೆಗೆ ನಿಮ್ಮ ಸಹಿ ಇದೆ," ಎಂದಳು. "ಅದನ್ನ ಹಾಗೇ ಬಿಟ್ಟಿದ್ರೆ ಯಾರೂ ನಿಮ್ಮನ್ನ ಕೇಳ್ತಿರಲಿಲ್ಲ. ಈಗ ಹೇಳಿದ್ದು ದಾಖಲೆಗೆ ಹೋದ್ರೆ ನೀವೂ ಆರೋಪಿ. ಇನ್ನೊಂದ್ಸಲ ಯೋಚನೆ ಮಾಡಿ. ನಿಮ್ಮ ಮಗಳು ನಿನ್ನೆ ನಂಗೆ ಫೋನ್ ಮಾಡಿದ್ರು. ಅಮ್ಮಂಗೆ ಮನಸ್ಸು ಸರಿ ಇಲ್ಲ, ಕೇಳಿಸ್ಕೋಬೇಡಿ ಅಂದ್ರು."

"ಮನಸ್ಸು ಸರಿ ಇದೆಯೋ ಇಲ್ವೋ ಕಾಗದ ಕೊಡಿ, ಗೊತ್ತಾಗತ್ತೆ."

ಸಭೆಯ ಕೋಣೆಯ ದೊಡ್ಡ ಮೇಜು ಖಾಲಿ ಮಾಡಿಸಿದರು. ಹೊಸ ಕಾಗದ, ಬಾಟಲಿಯ ಶಾಯಿ, ಅಂಗಡಿಯಿಂದ ಆಗಷ್ಟೇ ತಂದ ದಪ್ಪ ಕುಂಚ. ಹೋಲಿಕೆಗೆ ಬೇಕಾದ ಅಕ್ಷರಗಳನ್ನು ಲಿಯಾವೋ ಒಂದೊಂದಾಗಿ ಹೇಳಿದಳು. ಮೂಲೆಯಲ್ಲಿ ಗುಮಾಸ್ತನೊಬ್ಬ ವಿಡಿಯೋ ಮಾಡುತ್ತಿದ್ದ.

ಕುಂಚ ಹೊಸದು, ಕೂದಲು ಬಿಗಿ, ಮಾತು ಕೇಳಲಿಲ್ಲ. ಮೊದಲ ಅಕ್ಷರ ನನಗೆ ಹಿಡಿಸಲಿಲ್ಲ. ಎರಡನೆಯದರ ಹೊತ್ತಿಗೆ ಅದನ್ನು ಬಗ್ಗಿಸಿದೆ. ಅಷ್ಟು ದಿನದ ಸಿಟ್ಟೆಲ್ಲ ಮೊಣಕೈಗೆ ಬಂದು ನಿಂತ ಹಾಗಿತ್ತು, ಆದರೆ ಗೀಟು ಎಲ್ಲಿಯೂ ಹರಿಯಲಿಲ್ಲ, ನಡುಗಲಿಲ್ಲ. ಅವನ ಹಲಗೆಗಳಿಗೆ ಬರೆಯುವಾಗ ಒಂದು ಅಂಜಿಕೆ ಇರುತ್ತಿತ್ತು, ಕಾರ್ಯದರ್ಶಿಯ ಗಾಂಭೀರ್ಯಕ್ಕೆ ಒಪ್ಪಬೇಕಲ್ಲ ಎಂದು. ಇವತ್ತು ಯಾರಿಗೂ ಒಪ್ಪಬೇಕಾಗಿರಲಿಲ್ಲ. ಲಿಯಾವೋ ಹೇಳುವುದು ನಿಲ್ಲಿಸಿದ ಮೇಲೂ ಕುಂಚ ಕೆಳಗಿಡಲು ಮನಸ್ಸಾಗಲಿಲ್ಲ.

ಅವಳು ಬಹಳ ಹೊತ್ತು ನೋಡಿದಳು. "ಕುವಾಂಗ್ ಬರೆದದ್ದೂ ನೋಡಿದೀನಿ," ಎಂದಳು.

ಕೆಳಗೆ ಹೆಸರು ಹಾಕಿ ಎಂದರು. ಕುಂಚದಲ್ಲಿ ನನ್ನ ಹೆಸರು ಬರೆದು ಎಷ್ಟು ಕಾಲವಾಗಿದೆಯೋ. ಕಾಗದದ ಯಾವ ಕಡೆ, ಎಷ್ಟು ದೊಡ್ಡದು, ಒಂದೂ ಹೊಳೆಯಲಿಲ್ಲ. ಬರೆದೆ. ಒಂದನೇ ತರಗತಿಯ ಮಗು ಬರೆದ ಹಾಗೆ ಸೊಟ್ಟಗೆ ಬಂತು.

"ಇನ್ನೊಂದು ಹಾಳೆ ಕೊಡಿ."

"ಇದೇ ಸಾಕು ಟೀಚರ್, ಕಾನೂನಿಗೆ ನಡೆಯತ್ತೆ."

"ಕಾನೂನಿಗೆ ನಡೀಬಹುದು. ನಂಗೆ ನಡೆಯಲ್ಲ."

ಕೊಟ್ಟರು. ಎಲ್ಲವನ್ನೂ ಮೊದಲಿನಿಂದ ಬರೆದೆ. ಹೆಸರು ಈ ಸಲ ಪರವಾಗಿಲ್ಲ ಎನ್ನುವಷ್ಟು ಬಂತು. ಊರು ಬಿಟ್ಟು ಹೋಗಕೂಡದು, ಕರೆದಾಗ ಬರಬೇಕು ಎಂದು ಷರತ್ತು ಹಾಕಿ ಮನೆಗೆ ಕಳಿಸುವುದಾಗಿ ಹೇಳಿದರು. ಅಷ್ಟರಲ್ಲಿ ಆ ಗುಮಾಸ್ತ ಹಾಳೆಯನ್ನು ಸುರುಳಿ ಸುತ್ತಿ, ಸಾಕ್ಷ್ಯದ ಚೀಲದಲ್ಲಿಟ್ಟು, ಚೀಟಿ ಅಂಟಿಸುತ್ತಿದ್ದ. ಬಗ್ಗಿ ನೋಡಿದೆ. 'ಕುವಾಂಗ್ ದೆಪಿಂಗ್ ಪತ್ನಿಯ ಕೈಬರಹ' ಎಂದಿತ್ತು.

"ಹೊಡೆದುಹಾಕು ಅದನ್ನ," ಎಂದೆ.

"ಏನು ಮೇಡಂ?"

"ಪತ್ನಿ ಗಿತ್ನಿ ಏನೂ ಬೇಡ. ತು ಸುಯುನ್ ಅಂತ ಬರಿ. ಮುಂದೆ ಬೇಕಾದ್ರೆ ಆರೋಪಿ ಅಂತ ಸೇರಿಸ್ಕೋ."

ಅವನು ಲಿಯಾವೋ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ಹಳೆಯ ಚೀಟಿ ಕಿತ್ತು ಹೊಸದು ಬರೆದು ಅಂಟಿಸುವವರೆಗೂ ಅಲ್ಲೇ ನಿಂತಿದ್ದೆ.